ಡರ್ಟಿ ಕೌ: 2005ರಲ್ಲೇ ಹಾಕಿ ತೆಗೆದ ಪ್ಯಾಚ್

ಸಾಮಾನ್ಯ ಬಳಕೆದಾರ ಕ್ಷಣಮಾತ್ರದಲ್ಲಿ ರೂಟ್ (ಎಲ್ಲ ಅಧಿಕಾರವುಳ್ಳ ಬಳಕೆದಾರ) ಆಗಬಹುದಾಗಿದ್ದ, ಲಿನಕ್ಸ್‌ನ ತಿರುಳಾದ ಕರ್ನಲ್‌ನ ಡರ್ಟಿ ಕೌ ದೋಷ (ಸಿವಿಇ ಎಂಬ ದೋಷಪಟ್ಟಿಯಲ್ಲಿ ಸಿವಿಇ-2016-5195) ಬಯಲಾದದ್ದು 2016ರ ಅಕ್ಟೋಬರ್‌ನಲ್ಲಿ. ಅಷ್ಟರಲ್ಲಾಗಲೇ ಅದನ್ನು ಬಳಸಿ ದಾಳಿ ನಡೆದಿತ್ತು. 2007ರ 2.6.22ರಿಂದ ಈಚಿನ ಕರ್ನಲ್‌ಗಳೆಲ್ಲ ಇದಕ್ಕೆ ಈಡಾಗಿದ್ದವು. ಬೇರು ಇನ್ನೂ ಹಿಂದಕ್ಕಿದೆ.

ಓದಲು ಮಾತ್ರ ಅನುಮತಿಯಿರುವ ಫೈಲನ್ನು ಎಂಮ್ಯಾಪ್ ಎಂಬ ಕರ್ನಲ್ ಕರೆಯಿಂದ ಖಾಸಗಿಯಾಗಿ ಮೆಮೊರಿಗೆ ತಂದುಕೊಂಡಾಗ, ಬರೆದದ್ದು ಮೂಲಕ್ಕೆ ತಾಗಬಾರದು. ಕರ್ನಲ್ ಆ ಪುಟದ (ಮೆಮೊರಿಯ ತುಂಡಿನ) ಪ್ರತಿ ಮಾಡಿ ಪ್ರತಿಯ ಮೇಲೆ ಬರೆಯುತ್ತದೆ; ಇದೇ ಕಾಪಿ-ಆನ್-ರೈಟ್, ಹೆಸರಿನಲ್ಲಿರುವ 'ಕೌ'. ದಾಳಿಗೆ ಎರಡು ಥ್ರೆಡ್ (ಒಂದೇ ಪ್ರೋಗ್ರಾಂನೊಳಗೆ ಏಕಕಾಲಕ್ಕೆ ನಡೆಯುವ ಕೆಲಸಗಳು) ಸಾಕು. ಒಂದು, ತನ್ನದೇ ಮೆಮೊರಿಯನ್ನು ಫೈಲಿನಂತೆ ತೋರಿಸುವ /ಪ್ರಾಕ್/ಸೆಲ್ಫ್/ಮೆಮ್ ಮೂಲಕ ಬರೆಯುತ್ತಲೇ ಇರುತ್ತದೆ; ಇನ್ನೊಂದು ಎಂಅಡ್ವೈಸ್ ಕರೆದು 'ಈ ಪುಟ ಬೇಡ' ಎನ್ನುತ್ತಲೇ ಇರುತ್ತದೆ. ಪ್ರತಿ ಸಿದ್ಧವಾದೊಡನೆ ಕರ್ನಲ್ 'ಬರೆಯಬೇಕಿದೆ' ಎಂಬ ಫ್ಲ್ಯಾಗನ್ನು ತೆಗೆದು ಮತ್ತೆ ಪುಟ ಹುಡುಕುತ್ತಿತ್ತು. ಆ ಸಂದಿಯಲ್ಲಿ ಪ್ರತಿ ಮಾಯವಾಯಿತೋ, ಓದಲಿಕ್ಕೆ ತಾನೇ ಎಂದು ಪೇಜ್ ಕ್ಯಾಶ್‌ನ (ಫೈಲುಗಳನ್ನು ಮೆಮೊರಿಯಲ್ಲಿ ಇಟ್ಟಿರುವ ಜಾಗದ) ಮೂಲ ಪುಟವನ್ನೇ ಎತ್ತಿಕೊಂಡು ಅದರ ಮೇಲೇ ಬರೆದುಬಿಡುತ್ತಿತ್ತು. ಆ ಫೈಲು ಯಾರು ಓಡಿಸಿದರೂ ರೂಟ್ ಅಧಿಕಾರದಲ್ಲೇ ಓಡುವ ಸೆಟ್‌ಯುಐಡಿ ಪ್ರೋಗ್ರಾಂ ಆಗಿದ್ದರೆ ಕಥೆ ಮುಗಿಯಿತು. ಪುಟ ಡರ್ಟಿ (ಬದಲಾಗಿದೆ) ಎಂದು ಗುರುತಾಗುವುದರಿಂದ ಬದಲಾವಣೆ ಡಿಸ್ಕಿಗೂ ಇಳಿಯುತ್ತದೆ, ರೀಬೂಟ್‌ಗೆ ಅಳಿಯುವುದಿಲ್ಲ.

ಲಿನಕ್ಸ್‌ನ ಜನಕ ಲಿನಸ್ ಟೊರ್ವಾಲ್ಡ್ಸ್ ಇದೇ ರೇಸ್‌ಗೆ (ಎರಡು ಕೆಲಸಗಳ ಪೈಪೋಟಿಯಿಂದಾಗುವ ದೋಷಕ್ಕೆ) 2005ರಲ್ಲೇ ಪ್ಯಾಚ್ ಹಾಕಿದ್ದರು: ಪುಟ ಬದಲಾಗಿದೆ ಎಂದು ಹೇಳುವ ಡರ್ಟಿ ಬಿಟ್ ಕಂಡರೆ ಮಾತ್ರ ಬರೆಯಲು ಬಿಡುವುದು. ಐಬಿಎಂನ ಎಸ್390 ಮೇನ್‌ಫ್ರೇಮ್ ಯಂತ್ರಗಳಲ್ಲಿ ಆಗ ಆ ಬಿಟ್ ಪೇಜ್ ಟೇಬಲಿನಲ್ಲಿ (ಪುಟಗಳ ವಿಳಾಸಪಟ್ಟಿಯಲ್ಲಿ) ಇರುತ್ತಲೇ ಇರಲಿಲ್ಲ. ಪ್ಯಾಚ್ ವಾಪಸಾಯಿತು. 2013ರ 3.9 ಆವೃತ್ತಿಯಲ್ಲಿ ಎಸ್390ಗೂ ಸಾಫ್ಟ್‌ವೇರ್ ಡರ್ಟಿ ಬಿಟ್ ಬಂತು. ಅಡ್ಡಿ ಹೋಯಿತು, ಹಳೆಯ ಕಡತ ಮಾತ್ರ ಮೂರು ವರ್ಷ ಮುಚ್ಚಿಯೇ ಇತ್ತು. ಈ ನಡುವೆ ಮೆಮೊರಿ ವ್ಯವಸ್ಥೆ ಸುಧಾರಿಸಿದಂತೆಲ್ಲ, ಲೆಕ್ಕಕ್ಕಷ್ಟೇ ಇದ್ದ ರೇಸ್ ಕೈಗೆಟುಕುವಂತಾಗಿತ್ತು.

2016ರ ಪ್ಯಾಚ್ (4.8.3, 4.7.9, 4.4.26) 'ಬರೆಯಬೇಕಿದೆ' ಫ್ಲ್ಯಾಗನ್ನು ಉಳಿಸಿಕೊಂಡು, 'ಪ್ರತಿ ಮಾಡಿಯಾಗಿದೆ' ಎಂಬ ಹೊಸ ಫ್ಲ್ಯಾಗ್ ಸೇರಿಸಿತು. ಸಾಕ್ಷಿಗೆ ಮತ್ತದೇ ಡರ್ಟಿ ಬಿಟ್. ಪ್ರತಿ ಆಗದೆಯೂ ಆ ಬಿಟ್ ಏರಬಹುದಾದ ದಾರಿಗಳಿದ್ದರೆ? ಇದ್ದವು. 2017ರಲ್ಲಿ ದೊಡ್ಡ ಪುಟಗಳಲ್ಲಿ (ಸಿವಿಇ-2017-1000405), 2022ರಲ್ಲಿ ಮೆಮೊರಿಯಲ್ಲೇ ಇರುವ ಫೈಲ್ ವ್ಯವಸ್ಥೆಯಾದ ಟಿಎಂಪಿಎಫ್‌ಎಸ್‌ನಲ್ಲಿ (ಸಿವಿಇ-2022-2590). ಕೊನೆಗೆ 'ಪ್ರತಿ ಮಾಡಿಯಾಗಿದೆ' ಫ್ಲ್ಯಾಗನ್ನೇ ಕಿತ್ತು, ಪುಟ ನಿಜಕ್ಕೂ ಆ ಪ್ರಕ್ರಿಯೆಗೆ ಮಾತ್ರ ಸೇರಿದ್ದೇ ಎಂದು ನೇರವಾಗಿ ಪರೀಕ್ಷಿಸುವ ಕ್ರಮ ಬಂತು. ಮೊದಲೇ ಹೀಗೆ ಕೇಳಬಹುದಿತ್ತು.

ಯುನೇಮ್ ಆದೇಶ ತೋರಿಸುವ ಕರ್ನಲ್ ಆವೃತ್ತಿ ನೋಡಿ ಸುರಕ್ಷಿತವೋ ಅಲ್ಲವೋ ಹೇಳಲಾಗದು. ಡಿಸ್ಟ್ರೋಗಳು (ಉಬುಂಟುವಿನಂಥ ಲಿನಕ್ಸ್ ವಿತರಣೆಗಳು) ಹಳೆಯ ಆವೃತ್ತಿಗೇ ಪ್ಯಾಚ್ ಸೇರಿಸುತ್ತವೆ. ಪ್ಯಾಕೇಜಿನ ಚೇಂಜ್‌ಲಾಗ್‌ನಲ್ಲಿ ಸಿವಿಇ ಸಂಖ್ಯೆ ಹುಡುಕಬೇಕು. ಲೈವ್ ಪ್ಯಾಚ್ (ಓಡುತ್ತಿರುವ ಕರ್ನಲ್‌ಗೇ ಹಾಕುವ ಪ್ಯಾಚ್) ಇಲ್ಲದ ಕಡೆ, ಅಪ್‌ಡೇಟ್ ಆಗಿ ರೀಬೂಟ್ ಆಗದಿದ್ದರೆ ಓಡುತ್ತಿರುವುದು ಹಳೆಯ ಕರ್ನಲ್ಲೇ.