ನೋವು ಹೋದಮೇಲೆ ನಡೆಯುತ್ತೇನೆ ಅನ್ನುವವರಿಗೆ

"ಆರು ತಿಂಗಳಾತ್ರಿ, ನಮ್ಮವ್ವಗ ಒಂದು ಕೊಡ ನೀರು ಸೈತ ಎತ್ತಾಕ ಬಿಟ್ಟಿಲ್ಲ. ಆದ್ರೂ ಟೊಂಕದ ಬ್ಯಾನಿ ಕಡಿಮಿ ಆಗವಲ್ದು."

ಗುಳೇದಗುಡ್ಡ, ಇಳಕಲ್ಲ, ರಬಕವಿ ಕಡೆಯಿಂದ ಬಾಗಲಕೋಟೆಗೆ ತಾಯಂದಿರನ್ನು ಕರೆತರುವ ಮಕ್ಕಳ ಮಾತು ಇದು. ಅವರ ಪ್ರೀತಿಯಲ್ಲಿ ಕೊರತೆಯಿಲ್ಲ. ಆದರೆ ಅವ್ವ ಹಾಸಿಗೆ ಹಿಡಿಯಲು ಆ ವಿಶ್ರಾಂತಿಯೂ ಒಂದು ಕಾರಣ ಎಂದರೆ ಯಾರೂ ಒಪ್ಪುವುದಿಲ್ಲ. ಫಿಜಿಯೋಥೆರಪಿಸ್ಟ್ ಆಗಿ ನಾನು ದಿನವೂ ಜಗಳಾಡುವುದು ಇದೊಂದೇ ವಿಷಯಕ್ಕೆ.

ಹೊಸ ಪೆಟ್ಟಿನ ಮಾತು ಬೇರೆ. ಕಾಲಿನ ಶಕ್ತಿ ಕುಂದುತ್ತಿದ್ದರೆ, ಮಲಮೂತ್ರದ ಹಿಡಿತ ತಪ್ಪಿದರೆ, ಜ್ವರವಿದ್ದರೆ, ಕಾರಣವಿಲ್ಲದೆ ತೂಕ ಇಳಿದರೆ, ಹಿಂದೆ ಕ್ಯಾನ್ಸರ್ ಆಗಿದ್ದರೆ ಈ ಅಂಕಣ ಬದಿಗಿಟ್ಟು ಮೊದಲು ವೈದ್ಯರಲ್ಲಿಗೆ ಹೋಗಿ. ನಾನು ಹೇಳುತ್ತಿರುವುದು ಅಂಥದ್ದೇನೂ ಇಲ್ಲವೆಂದು ತಪಾಸಣೆಯಾದ, ಮೂರು ತಿಂಗಳು ದಾಟಿದ ನೋವಿನ ಬಗ್ಗೆ.

ಮೂರು ತಿಂಗಳಲ್ಲಿ ಸಾಮಾನ್ಯ ಉಳುಕು, ಸೆಳೆತಗಳೆಲ್ಲ ಮಾಯ್ದಿರುತ್ತವೆ. ಆಮೇಲೂ ಉಳಿದ ನೋವಿನಲ್ಲಿ ಬಹಳ ಸಲ ನರಮಂಡಲವೇ ಸೂಕ್ಷ್ಮವಾಗಿರುತ್ತದೆ. ಮಿದುಳುಬಳ್ಳಿಯಲ್ಲೇ ಹೀಗಾಗುತ್ತದೆ ಎಂದು ನರವಿಜ್ಞಾನಿ ಕ್ಲಿಫರ್ಡ್ ವೂಲ್ಫ್ 1983ರಲ್ಲೇ ತೋರಿಸಿದ್ದರು. ಒಮ್ಮೆ ಕಳ್ಳ ಹೊಕ್ಕ ಮನೆಯ ನಾಯಿ ಬೀಗರು ಬಂದರೂ ಬೊಗಳುತ್ತದೆ. ಬೊಗಳಿದ ಮಾತ್ರಕ್ಕೆ ಕಳ್ಳ ಬಂದಿದ್ದಾನೆ ಎಂದಲ್ಲ. ನಾಯಿ ಸುಮ್ಮನಾದ ಮೇಲೆ ಬೀಗರನ್ನು ಕರೆಯೋಣ ಎಂದು ಕೂತರೆ ಅದು ಎಂದಿಗೂ ಸುಮ್ಮನಾಗದು. ಬೀಗರು ದಿನವೂ ಬಂದುಹೋಗಬೇಕು, ನಾಯಿ ಅವರನ್ನು ಗುರುತು ಹಿಡಿಯಬೇಕು. ನಡಿಗೆಯೂ ಹಾಗೆಯೇ. ನೋವು ನಿಜ, ಆದರೆ ನಡೆದಾಗ ನೋಯುವುದಕ್ಕೂ ಒಳಗೆ ಏನೋ ಹಾಳಾಗುತ್ತಿದೆ ಎನ್ನುವುದಕ್ಕೂ ಸಂಬಂಧವಿಲ್ಲದಿರಬಹುದು. ಮೊದಲು ನೋವು ಹೋಗಲಿ, ಆಮೇಲೆ ನಡೆಯೋಣ ಎನ್ನುವ ಲೆಕ್ಕವೇ ತಿರುಗುಮುರುಗು. ನಡೆಯುತ್ತ ನಡೆಯುತ್ತ ನೋವು ತಗ್ಗಬೇಕು. ಎಲ್ಲರಿಗೂ ತಗ್ಗುತ್ತದೆ ಎಂದು ನಾನು ಮಾತು ಕೊಡಲಾರೆ.

"ಎಲುಬು ಸವದಾವಂತ್ರಿ" ಎಂದು ಎಂ.ಆರ್.ಐ. ವರದಿ ಮುಂದಿಡುತ್ತಾರೆ. ನೋವೇ ಇಲ್ಲದ 3,110 ಜನರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿ ನೋಡಿದ 2015ರ ವಿಶ್ಲೇಷಣೆಯಲ್ಲಿ, ಐವತ್ತರ ವಯಸ್ಸಿನ ಹತ್ತರಲ್ಲಿ ಎಂಟು ಜನರ ಬೆನ್ನಿನ ಡಿಸ್ಕ್‌ಗಳಲ್ಲಿ, ಅಂದರೆ ಬೆನ್ನೆಲುಬಿನ ನಡುವಿನ ಮೆತ್ತೆಗಳಲ್ಲಿ, ಸವೆತವಿತ್ತು. ಸೊಂಟದ ಬೆಲ್ಟ್ ಬಗ್ಗೆಯೂ ಕೇಳುತ್ತಾರೆ. ಹಳೆಯ ಸೊಂಟನೋವಿಗೆ ಬೆಲ್ಟ್, ಟ್ರ್ಯಾಕ್ಷನ್ (ಬೆನ್ನನ್ನು ಎಳೆದು ಹಿಡಿಯುವುದು) ರೂಢಿಯ ಚಿಕಿತ್ಸೆಯಾಗಬಾರದು, ವ್ಯಾಯಾಮ ಮತ್ತು ತಿಳಿವಳಿಕೆ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ಹೇಳಿದೆ.

ಇನ್ನು ಕೆಲವರು ನೋವು ಕಡಿಮೆಯಿದ್ದ ದಿನ ವಾರದ ಬಟ್ಟೆಯನ್ನೆಲ್ಲ ಒಗೆದು, ಹಿಟ್ಟು ನಾದಿ, ರಾಶಿ ರೊಟ್ಟಿ ಬಡಿದು, ಮರುದಿನ ಏಳಲಾಗದೆ ಮಲಗುತ್ತಾರೆ. "ನೋಡ್ರಿ, ಕೆಲಸ ಮಾಡಿದ್ರ ಹೆಚ್ಚಾಕ್ಕೈತಿ!" ನೋವು ಜಾಸ್ತಿಯಿದ್ದ ದಿನವೂ ಎಷ್ಟು ನಡೆಯಬಲ್ಲಿರೋ ಅಷ್ಟರಿಂದ ಶುರುಮಾಡಿ, ಐದೇ ನಿಮಿಷವಾದರೂ ಸರಿ. ಆರಾಮ ಅನ್ನಿಸಿದ ದಿನವೂ ಅಷ್ಟೇ. ವಾರಕ್ಕೊಮ್ಮೆ ಒಂದೆರಡು ನಿಮಿಷ ಏರಿಸಿ. ಎಲ್ಲಿ ನಿಲ್ಲಬೇಕೆಂದು ಗಡಿಯಾರ ಹೇಳಲಿ.

ಗುಳೇದಗುಡ್ಡದ ಒಬ್ಬ ಅಜ್ಜಿಗೆ ಖಣದ ಮಗ್ಗಕ್ಕೆ ಕಂಡಿಕೆ (ನೂಲಿನ ಉರುಳೆ) ಸುತ್ತುವ ಕೆಲಸವನ್ನು ಮಕ್ಕಳು ಬಿಡಿಸಿದ್ದರು. ಏನು ತ್ರಾಸು ಎಂದು ಕೇಳಿದರೆ ಆಕೆ ಸೊಂಟದ ಮಾತೇ ಎತ್ತಲಿಲ್ಲ. "ಕಂಡಿಕಿ ಬಿಟ್ಟಾಗಿಂದ ನನ್ನ ಮಾತಾಡಸವ್ರ ಇಲ್ರೀ ಯಪ್ಪಾ" ಅಂದಳು. ನಾನು ಬರೆದುಕೊಟ್ಟ ಮೊದಲ ವ್ಯಾಯಾಮ ಬೆಳಿಗ್ಗೆ ನಾಲ್ಕು ಕಂಡಿಕೆ, ಸಂಜೆ ನಾಲ್ಕು, ನಡುವೆ ಎದ್ದು ಓಣಿಯ ತುದಿಯವರೆಗೆ ನಡಿಗೆ. ನೋವು ಇನ್ನೂ ಇದೆ ಅನ್ನುತ್ತಾಳೆ. ಸಂತೆಗೆ ಹೋಗಿಬರುತ್ತಾಳೆ.

1996ರಲ್ಲಿ ಪುಣೆ ಜಿಲ್ಲೆಯ ಭಿಗವಣ ಎಂಬ ಹಳ್ಳಿಯಲ್ಲಿ ಮನೆಮನೆಗೆ ಹೋಗಿ ಎಲುಬು-ಕೀಲುಗಳ ನೋವಿನ ಸಮೀಕ್ಷೆ ಮಾಡಿದ್ದರು. ನಮ್ಮ ಮಗ್ಗದ ಊರುಗಳಲ್ಲಿ, ಮುಧೋಳ-ಜಮಖಂಡಿಯ ಕಬ್ಬು ಕಡಿಯುವವರಲ್ಲಿ ಅಂಥ ಕೆಲಸ ಆಗಬೇಕು. ಆಗ ಹತ್ತರಲ್ಲಿ ಎಷ್ಟು ನೋವು ಎಂದಷ್ಟೇ ಕೇಳಿ ಎದ್ದು ಬರಬಾರದು. ರೊಟ್ಟಿ ಬಡಿಯಲು ಕೂರಬಲ್ಲಿರಾ, ಸಂತೆಗೆ ಹೋಗುತ್ತೀರಾ, ಯಾವ ಕೆಲಸ ಬಿಟ್ಟಿದ್ದೀರಿ, ಯಾರು ಬಿಡಿಸಿದರು ಎಂದೂ ಕೇಳಬೇಕು. ಅಲ್ಲಿಯವರೆಗೆ ನನ್ನ ಬಳಿ ಬರುವವರು ಒಂದು ವಹಿಯಲ್ಲಿ ಅವ್ವ ಆ ದಿನ ಏನೇನು ಮಾಡಿದಳು, ಎಷ್ಟು ಹೊತ್ತು ಮಾಡಿದಳು ಎಂದು ಬರೆದು ತನ್ನಿ. ಎಕ್ಸ್‌ರೇ ಚೀಲಕ್ಕಿಂತ ಮೊದಲು ಅದನ್ನೇ ಬಿಚ್ಚಿ ನೋಡುತ್ತೇನೆ.