ಯಾವ ಸೂಜಿ ಏಳಬೇಕೆಂದು ಹೇಳುವವರು ಯಾರು?

ಪೀಣ್ಯ, ಬೊಮ್ಮಸಂದ್ರ ಕಡೆಯ ಗಾರ್ಮೆಂಟ್ ಕಂಪನಿಗಳ ಮರ್ಚಂಡೈಸರ್‌ಗಳು ಕಂಪ್ಯೂಟರಿನಲ್ಲಿ ಬಿಡಿಸಿದ ಚಿತ್ರ ಕಳಿಸಿ ಕೇಳುತ್ತಾರೆ: 'ಸರ್, ಇದು ಸರ್ಕ್ಯುಲರ್ ಮಷೀನಲ್ಲಿ ಬರುತ್ತಾ?' ಸರ್ಕ್ಯುಲರ್ ಎಂದರೆ ಬಟ್ಟೆಯನ್ನು ಕೊಳವೆಯಂತೆ ಸುತ್ತ ಹೆಣೆಯುವ ಮಷೀನು. ಯಾವ ಮಷೀನು ಎಂದು ನಾನು ತಿರುಗಿ ಕೇಳಿದರೆ ಗೇಜ್ (ಇಂಚಿಗೆ ಎಷ್ಟು ಸೂಜಿ) ಹೇಳುತ್ತಾರೆ, ವ್ಯಾಸ ಹೇಳುತ್ತಾರೆ. ಮುಖ್ಯವಾದದ್ದೇ ಉಳಿದುಹೋಗಿರುತ್ತದೆ: ಅದರಲ್ಲಿ ಸೂಜಿಗಳನ್ನು ಆರಿಸುವ ವ್ಯವಸ್ಥೆ ಯಾವುದು? ಚಿತ್ರ ಎಷ್ಟು ಅಗಲ ಬರಬಹುದು, ಬಟ್ಟೆಗೆ ಏನು ದರ ಬೀಳುತ್ತದೆ, ಕೊನೆಗೆ ದೋಷ ಬಂದರೆ ಅದು ಯಾವ ಆಕಾರದಲ್ಲಿ ಬರುತ್ತದೆ ಎಂಬುದೆಲ್ಲ ಅದರ ಕೈಯಲ್ಲಿದೆ.

ಬಟ್ಟೆಯಲ್ಲೇ ಚಿತ್ರ ಮೂಡಿಸುವ ಜಕಾರ್ಡ್ ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ದೊಡ್ಡಬಳ್ಳಾಪುರದ ಮಗ್ಗ, ರಂಧ್ರ ಕೊರೆದ ಕಾರ್ಡು. ಮಗ್ಗದಲ್ಲಿ ಒಂದು ಹೊಕ್ಕಿಗೆ ಬೇಕಾದ ಹಾಸಿನ ಎಳೆಗಳೆಲ್ಲ ಒಟ್ಟಿಗೆ ಮೇಲೇಳುತ್ತವೆ. ಸರ್ಕ್ಯುಲರ್ ಹೆಣಿಗೆಯಲ್ಲಿ ಹಾಗಿಲ್ಲ. ಸೂಜಿಗಳನ್ನು ಹೊತ್ತ ಸಿಲಿಂಡರ್ ಸುತ್ತುತ್ತಿರುತ್ತದೆ, ಸೂಜಿಗಳು ಸಾಲಾಗಿ ಒಂದರ ಹಿಂದೊಂದು ನೂಲು ಉಣಿಸುವ ಪ್ರತಿ ಫೀಡರಿನ ಮುಂದೆ ಹಾದುಹೋಗುತ್ತವೆ. ಹಾಯುವ ಆ ಗಳಿಗೆಯಲ್ಲೇ ಪ್ರತಿ ಸೂಜಿಗೂ ಬೇರೆ ಬೇರೆ ಆದೇಶ ತಲುಪಬೇಕು.

ಆದೇಶಗಳು ಮೂರೇ. ಸೂಜಿ ಪೂರ್ತಿ ಎದ್ದರೆ ಹಳೆಯ ಕುಣಿಕೆ ಲ್ಯಾಚಿನ (ಸೂಜಿಯ ಕೊಕ್ಕೆ ಮುಚ್ಚುವ ಪುಟ್ಟ ನಾಲಿಗೆಯ) ಕೆಳಗೆ ಜಾರಿ ಹೊಸ ಕುಣಿಕೆ ಹುಟ್ಟುತ್ತದೆ, ಅದು ನಿಟ್. ಅರ್ಧ ಎದ್ದರೆ ಹಳೆಯದು ಲ್ಯಾಚಿನ ಮೇಲೆಯೇ ಉಳಿದು ಹೊಸ ನೂಲು ಅದರ ಜೊತೆ ಸೇರುತ್ತದೆ, ಅದು ಟಕ್. ಏಳದೇ ಇದ್ದರೆ ನೂಲು ಹಿಂದಿನಿಂದ ಹಾದುಹೋಗುತ್ತದೆ, ಅದು ಮಿಸ್. ಲೆಸ್ಟರಿನ ಮ್ಯಾಥ್ಯೂ ಟೌನ್‌ಸೆಂಡ್ 1840ರ ದಶಕದ ಕೊನೆಯಲ್ಲಿ ಲ್ಯಾಚ್ ಸೂಜಿಗೆ ಪೇಟೆಂಟ್ ಪಡೆದ. ಸೂಜಿಯನ್ನು ಬರೀ ಮೇಲೆ ಕೆಳಗೆ ಆಡಿಸಿಯೇ ಕುಣಿಕೆ ಹಾಕುವುದು ಅದರಿಂದ ಸಾಧ್ಯವಾಯಿತು. ನಾವು ಮಾಡುವ ಡಿಸೈನ್ ಎಲ್ಲವೂ ಈ ಮೂರು ಆದೇಶ ಮತ್ತು ನೂಲಿನ ಬಣ್ಣ, ಇಷ್ಟರಲ್ಲೇ ಆಗಬೇಕು.

ಅತ್ಯಂತ ಸರಳ ವ್ಯವಸ್ಥೆ ಕ್ಯಾಮ್ ಟ್ರ್ಯಾಕ್; ಕ್ಯಾಮ್ ಎಂದರೆ ಸೂಜಿಯನ್ನು ಏರಿಸಿ ಇಳಿಸುವ ಇಳಿಜಾರಿನ ಲೋಹದ ತುಂಡು. ಸೂಜಿಯ ಬಟ್ (ಅದರಿಂದ ಹೊರಚಾಚಿದ ಸಣ್ಣ ಭಾಗ) ನಾಲ್ಕು ಎತ್ತರಗಳಲ್ಲಿರುತ್ತದೆ, ಪ್ರತಿ ಎತ್ತರಕ್ಕೂ ಒಂದೊಂದು ದಾರಿ. ಪ್ರತಿ ಫೀಡರಿನಲ್ಲಿ ಆ ನಾಲ್ಕು ದಾರಿಗೂ ನಿಟ್, ಟಕ್, ಮಿಸ್ ಪೈಕಿ ಒಂದು ಕ್ಯಾಮ್ ಹಾಕುತ್ತೇವೆ. ಅಂದರೆ ಒಂದು ಫೀಡರಿಗೆ 81 ಬಗೆಯ ಜೋಡಣೆ. ನಾವು ತೊಡುವ ಕಾಲರ್ ಟೀ ಶರ್ಟಿನ ಪಿಕೆ ಬಟ್ಟೆಗೆ ಎರಡು ಟ್ರ್ಯಾಕ್ ಸಾಕು: ಮೊದಲ ಫೀಡರಿನಲ್ಲಿ ಎಲ್ಲ ಸೂಜಿ ನಿಟ್, ಎರಡನೆಯದರಲ್ಲಿ ಒಂದು ಬಿಟ್ಟು ಒಂದು ಟಕ್, ಮೂರರಲ್ಲಿ ಮತ್ತೆ ಎಲ್ಲ ನಿಟ್, ನಾಲ್ಕರಲ್ಲಿ ಟಕ್ ಪಕ್ಕದ ಸೂಜಿಗೆ. ಇಂಥ ಬಟ್ಟೆಗೆ ಎಲೆಕ್ಟ್ರಾನಿಕ್ ಮಷೀನ್ ಬೇಕೆಂದು ಹಟ ಹಿಡಿಯುವವರನ್ನು ನೋಡಿದರೆ ಬೇಸರವಾಗುತ್ತದೆ. ಕ್ಯಾಮ್ ಮಷೀನು ವೇಗವಾಗಿ ಓಡುತ್ತದೆ, ಕೆಟ್ಟರೆ ಕಣ್ಣಿಗೆ ಕಾಣುವಂತೆ ಕೆಡುತ್ತದೆ.

ಪ್ಯಾಟರ್ನ್ ವೀಲ್ ಈಗ ಅಪರೂಪ. ಆದರೂ ಕಲಿಯುವವರು ಅದರ ಲೆಕ್ಕವನ್ನು ಒಮ್ಮೆ ಕೈಯಾರೆ ಮಾಡಬೇಕು ಅನ್ನುವವನು ನಾನು. ಫೀಡರಿಗೊಂದು ಚಕ್ರ, ಅದರ ಅಂಚಿನ ಗಾಡಿಗಳಲ್ಲಿ (ಸೀಳುಗಳಲ್ಲಿ) ಸಣ್ಣ ತುಂಡುಗಳು. ಸಿಲಿಂಡರ್ ತಿರುಗಿದಂತೆ ಸೂಜಿಯ ಬಟ್‌ಗಳೇ ಚಕ್ರವನ್ನೂ ತಿರುಗಿಸುತ್ತವೆ. ಎತ್ತರದ ತುಂಡಿದ್ದರೆ ನಿಟ್, ಗಿಡ್ಡ ತುಂಡಿದ್ದರೆ ಟಕ್, ಖಾಲಿ ಇದ್ದರೆ ಮಿಸ್. ಸಿಲಿಂಡರಿನಲ್ಲಿ 1560 ಸೂಜಿ, ಚಕ್ರದಲ್ಲಿ 140 ಗಾಡಿ ಎಂದುಕೊಳ್ಳಿ. ಸಿಲಿಂಡರ್ ಒಂದು ಸುತ್ತು ಮುಗಿಸುವಾಗ ಚಕ್ರ 11 ಸುತ್ತು ಮುಗಿಸಿ ಇನ್ನೂ 20 ಗಾಡಿ ಮುಂದೆ ಹೋಗಿರುತ್ತದೆ. ಹಾಗಾಗಿ ಎರಡನೇ ಸುತ್ತು 21ನೇ ಗಾಡಿಯಿಂದ ಶುರು. ಏಳು ಸುತ್ತಾದ ಮೇಲೆ ಚಕ್ರ ಮೊದಲಿನ ಜಾಗಕ್ಕೆ ಬರುತ್ತದೆ. ಚಿತ್ರದ ಅಗಲ 20 ಸೂಜಿ; ಎತ್ತರ ಪ್ರತಿ ಚಕ್ರಕ್ಕೆ ಏಳು ಸಾಲು. ಪಕ್ಕದ ಚಿತ್ರ ಒಂದು ಸುತ್ತಿನಷ್ಟು ಏರುಪೇರಾಗಿ ಕೂರುತ್ತದೆ, ಬುಟ್ಟಾಗಳು ಓರೆಯಾಗಿ ಹತ್ತುತ್ತಾ ಹೋಗುತ್ತವೆ. ಹಳೆಯ ಬಟ್ಟೆಗಳಲ್ಲಿ ಕಾಣುವ ಆ ಓರೆ ಸಾಲು ಎಷ್ಟೋ ಸಲ ಈ ಶೇಷದ ಲೆಕ್ಕದಿಂದ ಬಂದದ್ದು.

ಮಿನಿ ಜಕಾರ್ಡಿನಲ್ಲಿ ಸೂಜಿಯ ಕೆಳಗೆ ಕೂತು ಅದನ್ನು ತಳ್ಳುವ ಜ್ಯಾಕ್‌ಗಳಿಗೆ ಹಲವು ಎತ್ತರದ ಬಟ್ ಇರುತ್ತವೆ. 24 ಎತ್ತರಗಳಿದ್ದರೆ 24 ಸೂಜಿ ಅಗಲದ ಚಿತ್ರ. ಏರಿ ಇಳಿಯುವಂತೆ ಕನ್ನಡಿ ಜೋಡಣೆ ಮಾಡಿದರೆ 46 (ಎರಡು ತುದಿಗಳು ಮರುಕಳಿಸುವುದಿಲ್ಲ).

ಇನ್ನು ಎಲೆಕ್ಟ್ರಾನಿಕ್ ಆಯ್ಕೆ. ಜರ್ಮನಿಯ ಮೊರಾಟ್ ಕಂಪನಿ 1963ರ ಐಟಿಎಂಎ ಎಂಬ ಜವಳಿ ಯಂತ್ರಗಳ ಪ್ರದರ್ಶನದಲ್ಲಿ ಫಿಲ್ಮ್ ಪಟ್ಟಿಯಿಂದ ಡಿಸೈನ್ ಓದುವ ಮಷೀನ್ ತೋರಿಸಿತ್ತು. ಈಗ ಫಿಲ್ಮಿನ ಜಾಗದಲ್ಲಿ ಕಂಪ್ಯೂಟರ್ ಫೈಲ್ ಬಂದಿದೆ, ಆದರೆ ಸೂಜಿಯನ್ನು ಮುಟ್ಟುವ ಕೆಲಸ ಇವತ್ತಿಗೂ ಯಾಂತ್ರಿಕವೇ. 30 ಇಂಚು ವ್ಯಾಸ, 24 ಗೇಜ್ ಎಂದರೆ ಸುಮಾರು 2260 ಸೂಜಿ. ನಿಮಿಷಕ್ಕೆ 20 ಸುತ್ತು ಓಡಿಸಿದರೆ ಒಂದು ಫೀಡರಿನ ಮುಂದೆ ಸೆಕೆಂಡಿಗೆ 750ಕ್ಕೂ ಹೆಚ್ಚು ಸೂಜಿ ಹಾಯುತ್ತವೆ. ಒಂದೊಂದಕ್ಕೆ ಸಿಗುವ ಸಮಯ 1.3 ಮಿಲಿಸೆಕೆಂಡ್. ಜ್ಯಾಕನ್ನು ಮುಟ್ಟಿ ಸೂಜಿ ಆರಿಸುವ ಒಂದೇ ಬೆರಳು ಅಷ್ಟು ಬೇಗ ಎದ್ದು ಇಳಿಯುವುದು ಕಷ್ಟ. ಅದಕ್ಕೇ ಪೀಜೋ ಸೆಲೆಕ್ಟರಿನಲ್ಲಿ ಸಾಮಾನ್ಯವಾಗಿ ಎಂಟು ಬೆರಳು ಒಂದರ ಮೇಲೊಂದು ಇರುತ್ತವೆ, ಜ್ಯಾಕ್‌ಗಳನ್ನೂ ಎಂಟು ಎತ್ತರದಲ್ಲಿ ಸರದಿ ಪ್ರಕಾರ ಜೋಡಿಸುತ್ತಾರೆ. ಆಗ ಒಂದು ಬೆರಳಿಗೆ ಹತ್ತು ಮಿಲಿಸೆಕೆಂಡ್‌ಗಿಂತ ಸ್ವಲ್ಪ ಹೆಚ್ಚು ಸಮಯ ಸಿಗುತ್ತದೆ. ವಿದ್ಯುತ್ ಕೊಟ್ಟಾಗ ಬಾಗುವ ಪಿಂಗಾಣಿಯಂಥ ಪಟ್ಟಿ ಆ ಬೆರಳನ್ನು ಆಡಿಸುತ್ತದೆ. ಅಗಲಕ್ಕೆ ಈಗ ಮಿತಿಯಿಲ್ಲ, ಬೇಕಾದರೆ ಇಡೀ ಸುತ್ತಿಗೆ ಒಂದೇ ಚಿತ್ರ.

ಈ ರಚನೆ ಗೊತ್ತಿದ್ದರೆ ದೋಷ ಹುಡುಕುವುದು ಬೇರೆಯೇ ಕೆಲಸವಾಗುತ್ತದೆ. ಬಟ್ಟೆಯ ಉದ್ದಕ್ಕೂ ಒಂದೇ ಕಂಬಸಾಲಿನಲ್ಲಿ ಗೆರೆ ಬಿದ್ದರೆ ಮೊದಲು ಆ ಸೂಜಿ, ಅದರ ಜ್ಯಾಕ್ ನೋಡಿ; ಕಂಟ್ರೋಲ್ ಬೋರ್ಡ್ ಬಿಚ್ಚಬೇಡಿ. ಒಂದು ಅಡ್ಡಸಾಲಿನಲ್ಲಿ ಎಂಟೆಂಟು ಸೂಜಿಗೊಮ್ಮೆ ತಪ್ಪಿದ್ದು, ಅದೇ ಪ್ರತಿ ಸುತ್ತಿಗೂ ಮರಳಿದರೆ ಆ ಫೀಡರಿನ ಸೆಲೆಕ್ಟರಿನಲ್ಲಿ ಒಂದು ಬೆರಳು ಸತ್ತಿದೆ. 72 ಫೀಡರಿನ ಮಷೀನಿನಲ್ಲಿ ಮೂರು ಬಣ್ಣದ ಜಕಾರ್ಡ್ ಓಡುತ್ತಿದ್ದರೆ, ಬಣ್ಣಕ್ಕೊಂದರಂತೆ ಒಂದು ಸಾಲಿಗೆ ಮೂರು ಫೀಡರ್ ಹೋಗುವುದರಿಂದ, ಅದು 24 ಸಾಲಿಗೊಮ್ಮೆ ಕಾಣಬೇಕು, ಎಣಿಸಿ ನೋಡಿ. ಚಿತ್ರವೇ ನಡುವೆ ಪಕ್ಕಕ್ಕೆ ಜರುಗಿದರೆ ಎನ್‌ಕೋಡರ್ (ಸಿಲಿಂಡರ್ ಎಲ್ಲಿದೆ ಎಂದು ತಿಳಿಸುವ ಸಾಧನ) ಅಥವಾ ಸುತ್ತಿನ ಆರಂಭ ಗುರುತಿಸುವ ಸೊನ್ನೆ ಬಿಂದುವಿನ ಸೆನ್ಸರ್ ನೋಡಿ. ಅಲ್ಲಲ್ಲಿ ಚುಕ್ಕಿ ತಪ್ಪುತ್ತಾ ಪಾಳಿ ಕಳೆದಂತೆ ಹೆಚ್ಚಾದರೆ ಹತ್ತಿಯ ಜುಂಗು ಮತ್ತು ಎಣ್ಣೆ ಸೇರಿ ಜ್ಯಾಕ್‌ಗಳ ಗಾಡಿಯಲ್ಲಿ ಗಟ್ಟಿಯಾಗಿರುವ ಸಂಭವವೇ ಜಾಸ್ತಿ. ಹೊಸ ಬೋರ್ಡ್ ತರಿಸಿ ದುಡ್ಡು ಕಳೆದುಕೊಳ್ಳುವ ಮೊದಲು ಬ್ರಷ್ ಹಿಡಿಯಿರಿ ಎಂದು ಕಿರಿಯ ಫಿಟ್ಟರ್‌ಗಳಿಗೆ ಮತ್ತೆ ಮತ್ತೆ ಹೇಳುತ್ತೇನೆ.

ಡಿಸೈನ್ ಮಾಡುವವರಿಗೂ ಒಂದು ಮಾತು. ಪರದೆಯ ಮೇಲಿನ ಚೌಕ ಬಟ್ಟೆಯಲ್ಲಿ ಚೌಕವಾಗಿ ಉಳಿಯುವುದಿಲ್ಲ. ಇಂಚಿಗೆ 30 ಕಂಬಸಾಲು, 24 ಅಡ್ಡಸಾಲು ಇರುವ ಬಟ್ಟೆಯಲ್ಲಿ 60ಕ್ಕೆ 60 ಚುಕ್ಕಿಯ ವೃತ್ತ ಎರಡು ಇಂಚು ಅಗಲ, ಎರಡೂವರೆ ಇಂಚು ಎತ್ತರದ ಮೊಟ್ಟೆಯಾಗುತ್ತದೆ. ಬಣ್ಣ ಹೆಚ್ಚಿದಷ್ಟೂ ಇದು ಬಿಗಡಾಯಿಸುತ್ತದೆ. ಎರಡು ಗುಂಪು ಸೂಜಿಗಳಿಂದ ಹೆಣೆಯುವ ಡಬಲ್ ಜರ್ಸಿ ಜಕಾರ್ಡಿನಲ್ಲಿ ಬರ್ಡ್ಸ್ ಐ (ಚುಕ್ಕಿ ಚುಕ್ಕಿಯ) ಹಿಂಬದಿ ಹಾಕಿದಾಗ, ಹಿಂಬದಿ ಹೆಣೆಯುವ ಡಯಲ್ ಸೂಜಿಗಳಲ್ಲಿ ಅರ್ಧದಷ್ಟು ಪ್ರತಿ ಫೀಡರಿನಲ್ಲೂ ಹೆಣೆಯುತ್ತವೆ. ಎರಡು ಬಣ್ಣಕ್ಕೆ ಮುಂದೆ ಒಂದು ಸಾಲು, ಹಿಂದೆ ಒಂದು. ಮೂರು ಬಣ್ಣಕ್ಕೆ ಹಿಂದೆ ಒಂದೂವರೆ, ನಾಲ್ಕಕ್ಕೆ ಎರಡು. ಹಿಂಬದಿ ತುಂಬಿದಂತೆ ಮುಂಬದಿಯ ಕುಣಿಕೆ ಉದ್ದಕ್ಕೆ ಎಳೆದುಕೊಳ್ಳುತ್ತದೆ, ಬಟ್ಟೆಯ ತೂಕವೂ ಏರುತ್ತದೆ. ಆದ್ದರಿಂದ ಫೈಲ್ ಮಾಡುವ ಮೊದಲು ಅದೇ ನೂಲು, ಅದೇ ಹಿಂಬದಿಯ ಒಂದು ಗೇಣು ಬಟ್ಟೆ ಹೆಣೆಸಿ, ಒಗೆಸಿ, ಸಾಲು ಎಣಿಸಿಕೊಳ್ಳಿ.

ದರದ ಪ್ರಶ್ನೆಗೂ ಇಲ್ಲೇ ಉತ್ತರವಿದೆ. 72 ಫೀಡರಿನಲ್ಲಿ ಸಾದಾ ಜರ್ಸಿ ಹೆಣೆದರೆ ಸುತ್ತಿಗೆ 72 ಸಾಲು, ಮೂರು ಬಣ್ಣದ ಚಿತ್ರವಾದರೆ 24. ಮೇಲಾಗಿ ಜಕಾರ್ಡ್ ಮಷೀನಿನ ವೇಗವೂ ಕಡಿಮೆ. ಮೂರನೇ ಬಣ್ಣ ಚಿತ್ರದ ಮೂಲೆಯ ಸಣ್ಣ ಚುಕ್ಕಿಗಷ್ಟೇ ಬೇಕಿದ್ದರೆ ಅದನ್ನು ಕಸೂತಿಗೆ ಬಿಡಿ, ಚಿತ್ರವನ್ನು ಎರಡು ಬಣ್ಣಕ್ಕೆ ಇಳಿಸಿ. ಸುತ್ತಿಗೆ 36 ಸಾಲು ಸಿಗುತ್ತದೆ.