ಅದೇ ಕತ್ತಿ, ಅದೇ ಫೈಟ್ ಮಾಸ್ಟರ್: ಎರಡನೇ ಭಾಗ ಯಾಕೆ ಹಿಡಿಸಲಿಲ್ಲ?

ಪ್ರಶ್ನೆ: ಕತ್ತಿಕಾಳಗದ ಚೀನೀ ಸಿನಿಮಾ ‘ಕ್ರೌಚಿಂಗ್ ಟೈಗರ್, ಹಿಡನ್ ಡ್ರ್ಯಾಗನ್’ ನನಗೆ ತುಂಬಾ ಇಷ್ಟ. ಅದರ ಎರಡನೇ ಭಾಗವನ್ನೂ ನೋಡಿದೆ. ಅದೇ ನಾಯಕಿ, ಅದೇ ಕತ್ತಿ, ಫೈಟ್ ಮಾಡಿಸಿದವರೂ ಅವರೇ. ಆದರೂ ಮನಸ್ಸಿಗೆ ಹಿಡಿಸಲಿಲ್ಲ. ಯಾಕೆ?

ಉತ್ತರ: ಚಿತ್ರದುರ್ಗದಲ್ಲಿ ನನ್ನ ಜೊತೆ ಕೂತು ಈ ಎರಡನ್ನೂ ನೋಡಿದವರೆಲ್ಲ ಇದನ್ನೇ ಕೇಳಿದ್ದಾರೆ. ನನಗೆ ತೋಚಿದ್ದು ಇಷ್ಟು. ಮೊದಲನೆಯದರಲ್ಲಿ ಬಾಯಿಬಿಟ್ಟು ಹೇಳಲಾಗದ ಮಾತು ಹೊಡೆದಾಟವಾಗಿ ಹೊರಬರುತ್ತದೆ. ಎರಡನೆಯದರಲ್ಲಿ ಮಾತೆಲ್ಲ ಮೊದಲೇ ಮುಗಿದಿರುತ್ತದೆ, ಕತ್ತಿ ಯಾರ ಕೈಗೆ ಸಿಗಬೇಕು ಅನ್ನೋದಷ್ಟೇ ಉಳಿದಿರುತ್ತದೆ.

ಮೊದಲ ಸಿನಿಮಾ ಬಂದಿದ್ದು 2000ದಲ್ಲಿ. ನಿರ್ದೇಶಕ ಆಂಗ್ ಲೀ. ನಾಲ್ಕು ಆಸ್ಕರ್ ಬಂದವು. ಎರಡನೆಯದು 2016ರಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂತು. ಮೊದಲನೆಯದಕ್ಕೆ ಫೈಟ್ ಮಾಡಿಸಿದ್ದ ಯೂನ್ ವೂ-ಪಿಂಗ್ ಈ ಸಲ ನಿರ್ದೇಶಕರೇ ಆದರು. ಹಳೆಯ ಮುಖ್ಯ ಪಾತ್ರಗಳಲ್ಲಿ ವಾಪಸ್ ಬಂದಿದ್ದು ಮಿಶೆಲ್ ಯೋ ಅವರ ಶು ಲಿಯೆನ್ ಒಬ್ಬಳೇ. ಎರಡಕ್ಕೂ ಮೂಲ ವಾಂಗ್ ಡೂಲು ಬರೆದ ಐದು ಕಾದಂಬರಿಗಳ ಮಾಲೆ. ನಮ್ಮ ತ.ರಾ.ಸು. ದುರ್ಗದ ಪಾಳೆಯಗಾರರ ಮೇಲೆ ಒಂದಾದ ಮೇಲೊಂದು ಕಾದಂಬರಿ ಬರೆದರಲ್ಲ, ಹಾಗೆ. ಮೊದಲ ಸಿನಿಮಾಕ್ಕೆ ನಾಲ್ಕನೇ ಕಾದಂಬರಿ, ಎರಡನೆಯದಕ್ಕೆ ಐದನೆಯದು. ಅಂದರೆ ಸುಮ್ನೆ ದುಡ್ಡಿಗಾಗಿ ಎಳೆದ ಕಥೆ ಅಂತ ತಳ್ಳಿಹಾಕುವ ಹಾಗಿಲ್ಲ.

ಈಗ ಒಂದೇ ಒಂದು ಫೈಟ್ ನೆನಪು ಮಾಡಿಕೊಳ್ಳಿ. ಮೊದಲ ಸಿನಿಮಾದಲ್ಲಿ ಶು ಲಿಯೆನ್ ಮತ್ತು ಹುಡುಗಿ ಜೆನ್ ಅಂಗಳದಲ್ಲಿ ಎದುರಾಗುತ್ತಾರಲ್ಲ, ಅದು. ಜೆನ್ ಕೈಯಲ್ಲಿ ಆ ಹೆಸರಾಂತ ಕತ್ತಿ ಇದೆ. ಶು ಲಿಯೆನ್ ಗೋಡೆ ಪಕ್ಕ ಇಟ್ಟ ಆಯುಧಗಳನ್ನು ಒಂದೊಂದಾಗಿ ಎತ್ತಿಕೊಳ್ಳುತ್ತಾಳೆ. ಜೆನ್ ಕತ್ತಿಯ ಏಟಿಗೆ ಈಟಿ ಹೋಯಿತು, ಕೊಕ್ಕೆಕತ್ತಿ ಹೋಯಿತು. ಒಂದು ಆಯುಧವಂತೂ ಎತ್ತಲಾಗದಷ್ಟು ಭಾರ, ಅದರ ಜೊತೆ ಅವಳೇ ವಾಲುತ್ತಾಳೆ. ಕೈಗೆ ಸಿಕ್ಕಿದ್ದನ್ನೇ ಆಯುಧ ಮಾಡಿಕೊಳ್ಳುವ ಹೆಂಗಸು ದುರ್ಗದವರಿಗೆ ಹೊಸಬಳಲ್ಲ. ಓಬವ್ವನ ಕಿಂಡಿ ಮುಂದೆ ನಿಂತಾಗಲೆಲ್ಲ ನನಗೆ ಈ ಅಂಗಳ ನೆನಪಾಗುತ್ತದೆ. ಕೊನೆಗೆ ಶು ಲಿಯೆನ್ ಮುರಿದ ಕತ್ತಿಯನ್ನು ಹುಡುಗಿಯ ಕತ್ತಿನ ಹತ್ತಿರ ತಂದು ನಿಲ್ಲಿಸುತ್ತಾಳೆ. ಕೊಲ್ಲುವುದಿಲ್ಲ. ಆಗ ಜೆನ್ ಅವಳ ತೋಳಿಗೇ ಗಾಯ ಮಾಡುತ್ತಾಳೆ. ತಂಗಿ ಅಂದುಕೊಂಡವಳು ಕೈಬಿಟ್ಟುಹೋದ ನೋವು, ಕೋಪ, ಆದರೂ ಬಿಡದ ಅಕ್ಕರೆ, ಎಲ್ಲವೂ ಆ ಒಂದು ಫೈಟಿನಲ್ಲೇ ಇದೆ.

ಹಾರಾಟಕ್ಕೂ ಇದೇ ಮಾತು. ನಟರನ್ನು ತಂತಿಗೆ ಕಟ್ಟಿ ಮೇಲೆತ್ತುತ್ತಾರೆ, ಆಮೇಲೆ ಕಂಪ್ಯೂಟರಿನಲ್ಲಿ ತಂತಿ ಅಳಿಸುತ್ತಾರೆ. ಆದರೆ ಮೊದಲ ಸಿನಿಮಾದಲ್ಲಿ ಮೈಗೆ ಭಾರ ಇದೆ. ರಾತ್ರಿ ಮಾಡುಗಳ ಮೇಲೆ ಓಡುವಾಗ ಕಾಲು ಗೋಡೆಗೆ ತಾಗುತ್ತದೆ. ಹಾರಲು ಹೊರಟ ಜೆನ್‌ಳನ್ನು ಶು ಲಿಯೆನ್ ಮತ್ತೆ ಮತ್ತೆ ನೆಲಕ್ಕೆ ಎಳೆಯುತ್ತಾಳೆ. ದುರ್ಗದ ಕೋಟೆಯ ಕಲ್ಲುಗೋಡೆಯನ್ನು ‘ಕೋತಿರಾಜ’ ಜ್ಯೋತಿರಾಜ್ ಹಗ್ಗವಿಲ್ಲದೆ ಹತ್ತುವುದನ್ನು ನೋಡಿದವರಿಗೆ ಇದರ ಬೆಲೆ ಗೊತ್ತು. ಬೆರಳು ಕಲ್ಲನ್ನು ಹಿಡಿಯುವುದು ಕಂಡರೇ ಎದೆ ಝಲ್ಲೆನ್ನುವುದು. ಎರಡನೇ ಭಾಗದಲ್ಲಿ ಹಿನ್ನೆಲೆಗೆ ಕಂಪ್ಯೂಟರ್ ಚಿತ್ರ ಜಾಸ್ತಿಯಾಗಿ ಆ ಹಿಡಿತ ಸಡಿಲವಾಗಿದೆ.

ಎರಡನೆಯದನ್ನು ಇನ್ನೂ ನೋಡದವರು ಈ ಪ್ಯಾರಾ ಬಿಟ್ಟು ಓದಿ, ಕಥೆಯ ಗುಟ್ಟು ಇದೆ. ಮೊದಲ ಸಿನಿಮಾ ನಿಂತಿರುವುದೇ ಒಂದು ಸಾವಿನ ಮೇಲೆ. ಶು ಲಿಯೆನ್‌ಗೆ ಮದುವೆ ಗೊತ್ತಾಗಿದ್ದ ಗಂಡು ತೀರಿಕೊಂಡಿದ್ದಾನೆ. ಅವನು ಮೊದಲ ಸಿನಿಮಾದ ನಾಯಕ ಲಿ ಮು ಬಾಯ್‌ಗೆ ಅಣ್ಣತಮ್ಮನಂಥವನು. ಹಾಗಾಗಿ ಶು ಲಿಯೆನ್, ಲಿ ಮು ಬಾಯ್ ಇಬ್ಬರೂ ಒಬ್ಬರನ್ನೊಬ್ಬರು ಇಷ್ಟಪಟ್ಟರೂ ವರ್ಷಗಟ್ಟಲೆ ಬಾಯಿ ತೆರೆಯಲಿಲ್ಲ. ಲಿ ಮು ಬಾಯ್ ಪ್ರೀತಿ ಹೇಳಿದ್ದು ತನ್ನ ಕೊನೆಯುಸಿರಿನಲ್ಲಿ. ಎರಡನೇ ಭಾಗದಲ್ಲಿ ಸತ್ತನೆಂದುಕೊಂಡ ಆ ಗಂಡೇ ಜೀವಂತ ವಾಪಸ್ ಬರುತ್ತಾನೆ! ಡಾನಿ ಯೆನ್ ಆ ಪಾತ್ರವನ್ನು ಚೆನ್ನಾಗಿಯೇ ಮಾಡಿದ್ದಾರೆ. ಆದರೆ ಆ ಮೌನಕ್ಕೆ ಆಧಾರವಾಗಿದ್ದ ಕಲ್ಲನ್ನೇ ಕಿತ್ತ ಹಾಗಾಯಿತು. ನನಗೆ ನಿಜಕ್ಕೂ ಸಂಕಟವಾಗಿದ್ದು ಇಲ್ಲೇ.

ಭಾಷೆಯೂ ಒಂದು ಕಾರಣ. ಮೊದಲನೆಯದು ಮ್ಯಾಂಡರಿನ್‌ನಲ್ಲಿದೆ. ಎರಡನೆಯದನ್ನು ಇಂಗ್ಲಿಷಿನಲ್ಲೇ ತೆಗೆದರು, ಅದರ ಶೂಟಿಂಗ್ ಬಹುಪಾಲು ನಡೆದಿದ್ದು ನ್ಯೂಜಿಲೆಂಡಿನಲ್ಲಿ. ಸಿನಿಮಾದ ಹೆಸರೇ ಒಂದು ಚೀನೀ ನುಡಿಗಟ್ಟು. ಕಣ್ಣಿಗೆ ಬೀಳದೆ ಅಡಗಿರುವ ಶೂರರು ಎಂಬ ಅರ್ಥ, ನಮ್ಮ ಎಲೆಮರೆಯ ಕಾಯಿಯ ಹಾಗೆ. ಅಂಥ ಮಾತು ಬೆಳೆದ ಭಾಷೆಯನ್ನೇ ಬಿಟ್ಟರೆ ರುಚಿ ಕೆಡುತ್ತದೆ, ಅಲ್ವಾ? ಓಬವ್ವ ಇಂಗ್ಲಿಷಿನಲ್ಲಿ ಮಾತಾಡಿದರೆ ನಮಗೆ ಹೇಗನ್ನಿಸೀತು!

ಹಾಗಂತ ಎರಡನೆಯದರಲ್ಲಿ ಏನೂ ಇಲ್ಲ ಅಂತಲ್ಲ. ಹೆಪ್ಪುಗಟ್ಟಿದ ಕೆರೆಯ ಮೇಲಿನ ಹೊಡೆದಾಟವನ್ನು ನಾನು ಎರಡು ಸಲ ಹಿಂದೆ ತಿರುಗಿಸಿ ನೋಡಿದೆ. ಅಲ್ಲಿ ಕಾಲು ಜಾರುತ್ತದೆ, ಮಂಜುಗಡ್ಡೆ ಒಡೆಯುತ್ತದೆ, ಪ್ರತಿ ಹೆಜ್ಜೆಗೂ ಭಯ ಇದೆ. ಯೂನ್ ವೂ-ಪಿಂಗ್ ಅವರ ಹಳೆಯ ಕೈ ಅದು.

ಮೊದಲನೆಯದನ್ನು ಮತ್ತೆ ನೋಡುವುದಾದರೆ ಡಬ್ಬಿಂಗ್ ಬೇಡ, ಮ್ಯಾಂಡರಿನ್‌ನಲ್ಲೇ ಸಬ್‌ಟೈಟಲ್ ಹಾಕಿಕೊಂಡು ನೋಡಿ. ಮೊದಲ ಫೈಟ್ ಶುರುವಾಗಲು ಸುಮಾರು ಕಾಲು ಗಂಟೆ ಬೇಕು. ಆ ಹೊತ್ತಿನಲ್ಲಿ ಶು ಲಿಯೆನ್ ಮತ್ತು ಲಿ ಮು ಬಾಯ್ ಒಬ್ಬರ ಎದುರು ಒಬ್ಬರು ನಿಂತು ಏನೇನು ಹೇಳದೆ ಬಿಡುತ್ತಾರೆ, ಅದನ್ನು ಗಮನಿಸಿ.